ಉರಿ ಯಾರ ಕೈಲಿದೆ?

ಹೋದ ತಿಂಗಳು ಬೆಂಗಳೂರಿಂದ ಊರಿಗೆ ಬರ್ತಿದ್ದೆ. ಕಾರು ಭಾವನದು, ಓಡಿಸ್ತಿದ್ದವರೂ ಅವರೇ. ಬಿಡದಿ ದಾಟಿ ರಸ್ತೆ ಸ್ವಲ್ಪ ಖಾಲಿ ಸಿಕ್ಕಿದ್ದೇ ತಡ, ಸ್ಟೀರಿಂಗ್ ಮೇಲಿನ ಬಟನ್ ಒತ್ತಿ, "ನೋಡಪ್ಪ, ಇನ್ನು ಮದ್ದೂರು ಬರೋವರೆಗೂ ಕಾಲಿಗೆ ಕೆಲಸ ಇಲ್ಲ" ಅಂದರು. ಕ್ರೂಸ್ ಕಂಟ್ರೋಲ್. ಮೀಟರ್ 95ರಲ್ಲಿ ನಿಂತಿತು.

ಚನ್ನಪಟ್ಟಣದ ಬೈಪಾಸ್‌ನಲ್ಲಿ ಮುಂದೆ ಒಂದು ಲಾರಿ ದಿಢೀರಂತ ಲೇನ್ ಬದಲಿಸಿತು. ಭಾವ ಬ್ರೇಕ್ ಮುಟ್ಟಿದರು, ಲಾರಿ ಪಕ್ಕಕ್ಕೆ ಹೋಯಿತು, ನಮ್ಮ ಮಾತು ನಿಂತಲ್ಲಿಂದ ಮುಂದುವರಿಯಿತು. ವಿಷಯ ಗಹನವಾದದ್ದೇ: ವಡೆ ತಿನ್ನೋಕೆ ಹೈವೇ ಬಿಟ್ಟು ಮದ್ದೂರಿನ ಒಳಗೆ ಹೋಗಬೇಕಾ, ಬೇಡವಾ. ಅಷ್ಟರಲ್ಲಿ ಹಿಂದಿನಿಂದ ಒಂದು ಬಸ್ಸು ಕಿವಿ ಕಿತ್ತುಹೋಗೋ ಹಾಗೆ ಹಾರನ್ ಹೊಡೆಯಿತು. ಮೀಟರ್ ನೋಡಿದರೆ 62. ಏರುರಸ್ತೆಯಲ್ಲಿ ನಮ್ಮ ಕಾರು ಸುಮ್ಮನೆ ಸೊರಗುತ್ತಾ ಬಂದಿತ್ತು. ಬ್ರೇಕ್ ಮುಟ್ಟಿದ ಕೂಡಲೇ ಕ್ರೂಸ್ ಬಿಟ್ಟುಕೊಂಡಿತ್ತು. ಕಾಲು ಮಾತ್ರ ಇನ್ನೂ ರಜದಲ್ಲೇ ಇತ್ತು.

"ಅಯ್ಯೋ, ಕ್ರೂಸ್‌ನಲ್ಲೇ ಐತೆ ಅನ್ಕೊಂಡಿದ್ನಲ್ಲಪ್ಪ" ಅಂದರು ಭಾವ.

ನಮಗೇನೂ ಆಗಲಿಲ್ಲ. ಬಸ್ಸಿನವನು ಬೈದುಕೊಂಡು ಮುಂದೆ ಹೋದ, ನಾವು ವಡೆ ತಿಂದೆವು. ಆದರೆ "ಅನ್ಕೊಂಡಿದ್ನಲ್ಲ" ಅನ್ನೋ ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಯಾಕೆಂದರೆ 1990ರ ಫೆಬ್ರವರಿ 14ರಂದು, ಇದೇ ಬೆಂಗಳೂರಿನಲ್ಲಿ, ಹೆಚ್ಚುಕಮ್ಮಿ ಇದೇ ತರಹದ ಒಂದು 'ಅನ್ಕೊಂಡಿದ್ದೆ' 92 ಜನರ ಪ್ರಾಣ ತೆಗೆದುಕೊಂಡಿತ್ತು. ಅವತ್ತು ಏನಾಯ್ತು ಅಂತ ಅರ್ಥ ಆಗಬೇಕಾದರೆ, ವಿಮಾನದಲ್ಲಿರೋ 'ಕ್ರೂಸ್ ಕಂಟ್ರೋಲ್' ಹೇಗೆ ಕೆಲಸ ಮಾಡುತ್ತೆ ಅಂತ ಮೊದಲು ತಿಳಿಯಬೇಕು.

ಆ ಸದ್ದು ನೀವೂ ಕೇಳಿದ್ದೀರಿ

ದೇವನಹಳ್ಳಿಯಿಂದ ವಿಮಾನ ಮೇಲೆದ್ದ ಸ್ವಲ್ಪ ಹೊತ್ತಿಗೇ ಎಂಜಿನ್ ಸದ್ದು ಇದ್ದಕ್ಕಿದ್ದಂತೆ ಇಳಿಯೋದನ್ನ ಗಮನಿಸಿದ್ದೀರಾ? ಮೊದಲ ಸಲ ಹತ್ತಿದವರು ಸೀಟಿನ ಕೈ ಗಟ್ಟಿಯಾಗಿ ಹಿಡಿದುಕೊಳ್ಳೋದು ಆವಾಗಲೇ. "ಎಂಜಿನ್ ಆಫ್ ಆಯ್ತಾ?" ಅಂತ ನಮ್ಮಮ್ಮ ನನ್ನನ್ನ ಕೇಳಿದ್ದರು. ಆಫ್ ಆಗಿರಲ್ಲ. ನೆಲ ಬಿಡೋಕೆ ಬೇಕಾದ ಬಲ ಒಂದು, ಮೇಲೇರುತ್ತಾ ಹೋಗೋಕೆ ಬೇಕಾದ ಬಲ ಇನ್ನೊಂದು. ಸಾಮಾನ್ಯವಾಗಿ ನೆಲದಿಂದ ಒಂದೂವರೆ ಸಾವಿರ ಅಡಿಯ ಆಸುಪಾಸಿನಲ್ಲಿ ಮೊದಲನೆಯದರಿಂದ ಎರಡನೆಯದಕ್ಕೆ ಬದಲಾಗುತ್ತೆ. ಆ ಬಲಕ್ಕೆ ಥ್ರಸ್ಟ್ ಅಂತಾರೆ, ಅಂದರೆ ಎಂಜಿನ್ನು ವಿಮಾನವನ್ನ ಮುಂದಕ್ಕೆ ನೂಕೋ ಶಕ್ತಿ. ಅದನ್ನ ತಾನಾಗೇ ಏರಿಸಿ ಇಳಿಸೋ ವ್ಯವಸ್ಥೆಯನ್ನ ಬೋಯಿಂಗ್‌ನವರು ಆಟೊಥ್ರಾಟಲ್ ಅಂತಾರೆ, ಏರ್‌ಬಸ್‌ನವರು ಆಟೊಥ್ರಸ್ಟ್ ಅಂತಾರೆ.

ಇದನ್ನ ಮಂಡ್ಯ ಕಡೆಯವರಿಗೆ ವಿವರಿಸೋದು ಸುಲಭ. ನಮಗೆ ಆಲೆಮನೆ ಗೊತ್ತು.

ಆಲೆಮನೆಯಲ್ಲಿ ಇಬ್ಬರು ಮುಖ್ಯ. ಒಬ್ಬ ಮೇಲೆ ಕೊಪ್ಪರಿಗೆ ಪಕ್ಕ ನಿಂತು ಪಾಕ ನೋಡೋನು. ಇನ್ನೊಬ್ಬ ಕೆಳಗೆ ಒಲೆಬಾಯಲ್ಲಿ ಕೂತು ಒಣಗಿದ ಕಬ್ಬಿನ ರಚ್ಚು ತಳ್ಳುತ್ತಾ ಉರಿ ಹಾಕೋನು. ಪಾಕ ಉಕ್ಕಿದರೆ ಉರಿ ತಗ್ಗಬೇಕು, ಕುದಿ ಇಳಿದರೆ ಉರಿ ಏರಬೇಕು. ವಿಮಾನದಲ್ಲಿ ಪಾಕದ ಕುದಿ ಅಂದರೆ ವೇಗ, ಉರಿ ಅಂದರೆ ಥ್ರಸ್ಟ್. ಆಟೊಥ್ರಸ್ಟ್ ಅಂದರೆ ಒಲೆಬಾಯಲ್ಲಿ ಕೂತಿರೋ ಆಸಾಮಿ. ಊಟ ಕೇಳಲ್ಲ, ಬೀಡಿ ಸೇದೋಕೆ ಎದ್ದುಹೋಗಲ್ಲ, ಸೆಕೆಂಡಿಗೆ ಎಷ್ಟೋ ಸಲ ವೇಗ ನೋಡಿ ಲೆಕ್ಕ ಹಾಕುತ್ತಾನೆ. ಬೇಕಾದ ವೇಗ ಎಷ್ಟು, ಈಗ ಇರೋದೆಷ್ಟು, ಏರ್ತಾ ಇದೆಯೋ ಇಳೀತಾ ಇದೆಯೋ? ಅದಕ್ಕೆ ತಕ್ಕಂತೆ ಎಂಜಿನ್‌ಗೆ ಹುಕುಂ. ಎಂಜಿನ್ ಮೇಲೆ ಅದರದ್ದೇ ಕಂಪ್ಯೂಟರ್ ಇರುತ್ತೆ, ಫ್ಯಾಡೆಕ್ ಅಂತ. ಎಷ್ಟು ಇಂಧನ ಬಿಟ್ಟರೆ ಎಂಜಿನ್ ಕೆಡದೆ ಅಷ್ಟು ಬಲ ಕೊಡುತ್ತೆ ಅನ್ನೋದನ್ನ ಅದು ನೋಡಿಕೊಳ್ಳುತ್ತೆ. ಇಳಿಯೋ ಹೊತ್ತಿಗೆ ಎಂಜಿನ್ ಸದ್ದು ಗುಂಯ್ ಅಂತ ಏರಿ, ಇಳಿದು, ಮತ್ತೆ ಏರೋದು ಕೇಳಿಸಿದರೆ, ಅದು ಗಾಳಿ ಬದಲಾದ ಹಾಗೆಲ್ಲ ಈ ಆಸಾಮಿ ರಚ್ಚು ತಳ್ಳಿ ಎಳೆಯುತ್ತಿರೋ ಸದ್ದು ಇರಬಹುದು.

ಅವನಿಗೆ ಎರಡು ತರಹದ ಕೆಲಸ

ಇಲ್ಲಿಯವರೆಗೂ ಕಾರಿನ ಕ್ರೂಸ್‌ಗೂ ಇದಕ್ಕೂ ಅಂಥ ವ್ಯತ್ಯಾಸ ಇಲ್ಲ. ವ್ಯತ್ಯಾಸ ಶುರುವಾಗೋದು ಈಗ.

ಒಲೆಬಾಯಿ ಆಸಾಮಿಗೆ ಎರಡು ತರಹದ ಹುಕುಂ ಕೊಡಬಹುದು. ಒಂದು, "ಪಾಕ ಹಿಂಗೇ ಕುದೀತಾ ಇರ್ಬೇಕು, ಉರಿ ಎಷ್ಟು ಹಾಕ್ತೀಯೋ ನಿನಗೆ ಬಿಟ್ಟಿದ್ದು." ಇದು ಸ್ಪೀಡ್ ಮೋಡ್. ಎರಡು, "ಉರಿ ಇಷ್ಟೇ ಇರ್ಲಿ, ಪಾಕ ನಾನ್ ನೋಡ್ಕೋತೀನಿ." ಇದು ಥ್ರಸ್ಟ್ ಮೋಡ್. ಎರಡನೇ ಹುಕುಂನಲ್ಲಿ ಅವನು ಕೊಪ್ಪರಿಗೆ ಕಡೆ ತಿರುಗಿಯೂ ನೋಡಲ್ಲ. ನೋಡೋದು ಅವನ ಕೆಲಸವೇ ಅಲ್ಲ.

ವಿಮಾನಕ್ಕೆ ಈ ಎರಡನೇ ಹುಕುಂ ಯಾಕೆ ಬೇಕು? ಸೈಕಲ್ ನೆನಪಿಸಿಕೊಳ್ಳಿ. ಸಮರಸ್ತೆಯಲ್ಲಿ ವೇಗ ಬೇಕು ಅಂದರೆ ತುಳಿಯಬೇಕು. ಇಳಿಜಾರಿನಲ್ಲಿ ತುಳಿಯೋದೇ ಬೇಡ, ಇಳಿಜಾರೇ ವೇಗ ಕೊಡುತ್ತೆ. ವಿಮಾನವೂ ಹಾಗೇ. ವೇಗ ಕಾಯೋಕೆ ಅದಕ್ಕೆ ಎರಡು ದಾರಿ: ಎಂಜಿನ್ನು, ಇಲ್ಲಾ ಮೂಗು. ಎತ್ತರದಿಂದ ಕೆಳಗಿಳಿಯುವಾಗ ಎಂಜಿನ್ನನ್ನ ಐಡಲ್‌ಗೆ, ಅಂದರೆ ಕನಿಷ್ಠ ಉರಿಗೆ ಇಳಿಸಿಬಿಡ್ತಾರೆ. ಮೂಗನ್ನ ಬೇಕಾದಷ್ಟು ಕೆಳಗೆ ಬಾಗಿಸಿ ವೇಗ ಕಾಯ್ತಾರೆ. ಇಂಧನ ಉಳಿಯುತ್ತೆ. ಏರ್‌ಬಸ್‌ನಲ್ಲಿ ಇದಕ್ಕೆ ಓಪನ್ ಡಿಸೆಂಟ್ ಅಂತ ಹೆಸರು. ಎತ್ತರದಲ್ಲಿ ಇದು ಬಹಳ ಒಳ್ಳೇ ವ್ಯವಸ್ಥೆ.

ಆದರೆ ನೆಲದ ಹತ್ತಿರ, ರನ್‌ವೇ ಕಡೆಗಿನ ಕೊನೆಯ ಹಾದಿಯಲ್ಲಿ, ಮೂಗನ್ನ ಬೇಕಾದ ಹಾಗೆ ಬಾಗಿಸೋಕೆ ಆಗಲ್ಲ. ಅಲ್ಲಿ ಮೂಗು ಹಾದಿ ಕಾಯಬೇಕು, ಎಂಜಿನ್ನು ವೇಗ ಕಾಯಬೇಕು. ಅಂದರೆ ಸ್ಪೀಡ್ ಮೋಡ್ ಇರಲೇಬೇಕು. ಎಂಜಿನ್ ಐಡಲ್‌ನಲ್ಲೇ ಇದ್ದು, ಪೈಲಟ್ ಮೂಗನ್ನ ಹಾದಿಗಾಗಿ ಎತ್ತಿ ಹಿಡಿದರೆ ವೇಗ ಯಾರೂ ಕಾಯದ ವಸ್ತು ಆಗಿಬಿಡುತ್ತೆ.

ಆ 35 ಸೆಕೆಂಡು

ದೊಮ್ಮಲೂರಿನ ಹತ್ತಿರ, ಗಾಲ್ಫ್ ಮೈದಾನ ಕಾಣೋ ಟೆಕ್ ಪಾರ್ಕ್‌ನಲ್ಲಿ ನಿಮ್ಮಲ್ಲಿ ಎಷ್ಟೋ ಜನ ಕೆಲಸ ಮಾಡ್ತಿರಬಹುದು. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಆ ಹಸಿರು ಮೈದಾನದಾಚೆಗೇ ಎಚ್‌ಎಎಲ್ ವಿಮಾನ ನಿಲ್ದಾಣ. 2008ರವರೆಗೂ ಬೆಂಗಳೂರಿನ ವಿಮಾನಗಳೆಲ್ಲ ಇಳಿಯುತ್ತಿದ್ದದ್ದು ಅಲ್ಲೇ.

1990ರ ಫೆಬ್ರವರಿ 14, ಮಧ್ಯಾಹ್ನ ಒಂದು ಗಂಟೆ. ಬಾಂಬೆಯಿಂದ ಬರುತ್ತಿದ್ದ ಇಂಡಿಯನ್ ಏರ್‌ಲೈನ್ಸ್‌ನ ಐಸಿ 605. ಏರ್‌ಬಸ್ ಎ320, ಹೊಚ್ಚಹೊಸ ವಿಮಾನ. ಆ ಮಾದರಿ ಭಾರತಕ್ಕೆ ಬಂದದ್ದೇ ಹಿಂದಿನ ವರ್ಷ. ಒಳಗೆ 146 ಜನ. ಹವೆ ಚೆನ್ನಾಗಿತ್ತು, ಎಂಜಿನ್ನುಗಳು ಚೆನ್ನಾಗಿದ್ದವು. ಕಾಕ್‌ಪಿಟ್‌ನಲ್ಲಿ ಇಬ್ಬರು ಅನುಭವಿ ಪೈಲಟ್‌ಗಳು, ಒಬ್ಬರನ್ನ ಇನ್ನೊಬ್ಬರು ಪರೀಕ್ಷಿಸುತ್ತಿದ್ದ ಹಾರಾಟ ಅದು.

ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ನೇತೃತ್ವದಲ್ಲಿ ವಿಚಾರಣೆ ನಡೆಯಿತು. ಬಹುಮಟ್ಟಿಗೆ ಹೀಗಾಗಿರಬೇಕು ಅಂತ ವರದಿ ಹೇಳಿತು: ನೆಲಕ್ಕೆ ಬಡಿಯೋಕೆ ಸುಮಾರು 35 ಸೆಕೆಂಡು ಮೊದಲು, ನಿಮಿಷಕ್ಕೆ 700 ಅಡಿಯಂತೆ ಇಳಿಯಲಿ ಅಂತ ಒಂದು ಗುಂಡಿ ತಿರುಗಿಸಬೇಕಿತ್ತು. ಅದರ ಬದಲು ಕೈತಪ್ಪಿ ಎತ್ತರದ ಗುಂಡಿಯಲ್ಲಿ 700 ಅಡಿ ಅಂತ ಇಟ್ಟುಬಿಟ್ಟರು.

ಒಂದು ಕ್ಷಣ ಯೋಚಿಸಿ. ಎಚ್‌ಎಎಲ್ ನಿಲ್ದಾಣ ಇರೋದೇ ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಎತ್ತರದಲ್ಲಿ. "700 ಅಡಿಗೆ ಇಳಿ" ಅಂದರೆ ಬೆಂಗಳೂರಿನ ನೆಲದೊಳಗೆ ಎರಡು ಸಾವಿರ ಅಡಿ ಹೋಗು ಅಂದ ಹಾಗೆ. ಯಂತ್ರಕ್ಕೆ ಅದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ. "ಇನ್ನೂ ತುಂಬಾ ಕೆಳಗೆ ಹೋಗಬೇಕಂತೆ" ಅಂದುಕೊಂಡು ಓಪನ್ ಡಿಸೆಂಟ್‌ಗೆ ಬಂತು. ಎಂಜಿನ್ ಐಡಲ್. ಉರಿ ಕನಿಷ್ಠಕ್ಕೆ.

ಆಟೊಪೈಲಟ್ ಆಗ ಆಫ್ ಆಗಿತ್ತು. ಮೂಗು ಪೈಲಟ್ ಕೈಲಿತ್ತು, ಉರಿ ಯಂತ್ರದ ಕೈಲಿತ್ತು. ವೇಗ ಇಳಿಯತೊಡಗಿತು.

ಇಲ್ಲಿ ಇನ್ನೊಂದು ಸಂಗತಿ ಇದೆ, ನನಗೆ ಓದುವಾಗಲೆಲ್ಲ ಸಂಕಟ ಆಗೋದು ಇದೇ. ಆ ವಿಮಾನದಲ್ಲಿ ಇಬ್ಬರು ಪೈಲಟ್‌ಗಳ ಮುಂದೆಯೂ ಫ್ಲೈಟ್ ಡೈರೆಕ್ಟರ್ ಅನ್ನೋ ಸೂಚಕ ಇರುತ್ತೆ. ಎರಡನ್ನೂ ಆಫ್ ಮಾಡಿದರೆ ಆಟೊಥ್ರಸ್ಟ್ ತಾನಾಗೇ ಸ್ಪೀಡ್ ಮೋಡ್‌ಗೆ ಬರುತ್ತೆ, ಉರಿ ಏರಿಸುತ್ತೆ. ಮೋಡ್ ತಪ್ಪಾಗಿದೆ ಅಂತ ಅವರಿಗೆ ಗೊತ್ತಾಗಿತ್ತು. ಒಬ್ಬರು ತಮ್ಮ ಕಡೆಯದನ್ನ ಆಫ್ ಮಾಡಿಯೂ ಇದ್ದರು. ಇನ್ನೊಂದು ಆನ್ ಆಗೇ ಉಳಿಯಿತು. ಅದೊಂದು ಸ್ವಿಚ್ ಉಳಿದದ್ದರಿಂದ ಒಲೆಬಾಯಿ ಆಸಾಮಿಗೆ ಹಳೇ ಹುಕುಂ ಜಾರಿಯಲ್ಲೇ ಇತ್ತು.

ನಾನೂರು, ಮುನ್ನೂರು, ಇನ್ನೂರು ಅಂತ ವಿಮಾನವೇ ಎತ್ತರ ಕೂಗಿ ಹೇಳುತ್ತಿತ್ತು. ಇರಬೇಕಾದ ವೇಗಕ್ಕಿಂತ 20 ನಾಟ್‌ಗೂ ಹೆಚ್ಚು ಕಡಿಮೆಯಾಗಿ ಹೋಯಿತು. ಕೊನೆಗೆ ಪೂರ್ತಿ ಬಲ ಕೇಳಿದರು, ಎಂಜಿನ್ನುಗಳು ಏಳಲೂ ಶುರುಮಾಡಿದವು. ಆದರೆ ತಗ್ಗಿದ ಒಲೆಗೆ ಒಂದೇ ಸಲ ಎಷ್ಟೇ ರಚ್ಚು ತುರುಕಿದರೂ ಉರಿ ಹತ್ತೋಕೆ ಹೊತ್ತು ಬೇಕಲ್ಲ. ಜೆಟ್ ಎಂಜಿನ್‌ಗೂ ಐಡಲ್‌ನಿಂದ ಪೂರ್ತಿ ಬಲಕ್ಕೆ ಬರೋಕೆ ಹಲವು ಸೆಕೆಂಡು ಬೇಕು. ವಿಮಾನಗಳಿಗೆ ಅನುಮತಿ ಕೊಡೋ ನಿಯಮಗಳೇ ಇದಕ್ಕೆ 8 ಸೆಕೆಂಡಿನ ಲೆಕ್ಕ ಇಟ್ಟುಕೊಂಡಿವೆ. ಅಷ್ಟು ಸೆಕೆಂಡು ಉಳಿದಿರಲಿಲ್ಲ. ರನ್‌ವೇಗೆ ಸುಮಾರು 2,300 ಅಡಿ ಇರುವಾಗಲೇ ವಿಮಾನ ಗಾಲ್ಫ್ ಮೈದಾನಕ್ಕೆ ಬಡಿಯಿತು, ಪುಟಿದು ಮುಂದಿದ್ದ ದಿಬ್ಬಕ್ಕೆ ಅಪ್ಪಳಿಸಿತು, ಬೆಂಕಿ ಹತ್ತಿಕೊಂಡಿತು. 92 ಜನ ಹೋದರು, 54 ಜನ ಉಳಿದರು.

ಸರ್ಕಾರ ಇಂಡಿಯನ್ ಏರ್‌ಲೈನ್ಸ್‌ನ ಎ320ಗಳನ್ನೆಲ್ಲ ತಿಂಗಳುಗಟ್ಟಲೆ ನೆಲದ ಮೇಲೇ ನಿಲ್ಲಿಸಿತು. ಯಂತ್ರದ ತಪ್ಪೋ ಮನುಷ್ಯರ ತಪ್ಪೋ ಅಂತ ದೊಡ್ಡ ಚರ್ಚೆ ನಡೆಯಿತು. ಮುಖ್ಯ ಕಾರಣ ಅಂತ ವರದಿ ಹೇಳಿದ್ದು, ಐಡಲ್‌ನಲ್ಲಿ ಇಳೀತಿದ್ದೀವಿ ಅಂತ ಗೊತ್ತಿದ್ದರೂ ಪೈಲಟ್‌ಗಳು ಅದರ ಗಂಭೀರತೆ ಅರಿತು ತಕ್ಷಣ ಥ್ರಾಟಲ್ ಮುಂದಕ್ಕೆ ತಳ್ಳಲಿಲ್ಲ ಅನ್ನೋದು.

ಕೈಗೆ ತಿಳಿಯೋದು, ಕಣ್ಣಿಗೆ ತಿಳಿಯೋದು

ಆ ಚರ್ಚೆಯಲ್ಲಿ ಮೇಲೆ ಬಂದ ಒಂದು ಪ್ರಶ್ನೆ ಇವತ್ತಿಗೂ ಮುಗಿದಿಲ್ಲ. ಬೋಯಿಂಗ್‌ನಲ್ಲಿ ಆಟೊಥ್ರಾಟಲ್ ಉರಿ ಬದಲಿಸಿದಾಗ ಪೈಲಟ್ ಪಕ್ಕದ ಲಿವರ್‌ಗಳೂ ತಾವಾಗೇ ಹಿಂದೆ ಮುಂದೆ ಚಲಿಸುತ್ತವೆ. ಕೈ ಇಟ್ಟರೆ ಗೊತ್ತಾಗುತ್ತೆ. ಏರ್‌ಬಸ್‌ನಲ್ಲಿ ಹಾಗಲ್ಲ. ಲಿವರ್ 'ಕ್ಲೈಂಬ್' ಅನ್ನೋ ಕಚ್ಚಿನಲ್ಲಿ ಕೂತೇ ಇರುತ್ತೆ. ಒಳಗೆ ಎಂಜಿನ್ ಏರಿದರೂ ಇಳಿದರೂ ಅದು ಅಲ್ಲಾಡಲ್ಲ. ಏನಾಗ್ತಿದೆ ಅಂತ ಪರದೆ ನೋಡಿ ತಿಳಿಯಬೇಕು. "ಲಿವರ್ ಅಲ್ಲಾಡಿದ್ದರೆ ಅವತ್ತು ಗೊತ್ತಾಗುತ್ತಿತ್ತು" ಅಂತ ಬಹಳ ಜನ ವಾದಿಸಿದರು.

ಆದರೆ ಲಿವರ್ ಅಲ್ಲಾಡೋ ವಿಮಾನಗಳೂ ಹಾಗೇ ಬಿದ್ದಿವೆ. 2009ರ ಫೆಬ್ರವರಿ 25ರಂದು ಆಮ್‌ಸ್ಟರ್‌ಡ್ಯಾಮ್ ಬಳಿ ಟರ್ಕಿಶ್ ಏರ್‌ಲೈನ್ಸ್‌ನ ಬೋಯಿಂಗ್ 737. ಎತ್ತರ ಅಳೆಯೋ ಒಂದು ಉಪಕರಣ ಕೆಟ್ಟು, ಆಕಾಶದಲ್ಲಿದ್ದಾಗಲೇ "ನೆಲಕ್ಕೆ ಬಂದಾಯ್ತು" ಅಂತ ಹೇಳಿತು. ಆಟೊಥ್ರಾಟಲ್ ನಂಬಿತು, ಲಿವರ್ ಹಿಂದಕ್ಕೆ ಎಳೆದು ಐಡಲ್ ಮಾಡಿತು. 9 ಜನ ಸತ್ತರು. 2013ರ ಜುಲೈ 6ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಏಷಿಯಾನಾ 214, ಬೋಯಿಂಗ್ 777. ಅಲ್ಲೂ ಆಟೊಥ್ರಾಟಲ್ ವೇಗ ಕಾಯದ ಸ್ಥಿತಿಗೆ ಹೋಗಿತ್ತು, ಅದು ಕಾಯ್ತಿದೆ ಅಂತ ಪೈಲಟ್ ಅನ್ಕೊಂಡಿದ್ದರು. 137 ನಾಟ್ ಇರಬೇಕಿದ್ದ ವೇಗ ನೂರರ ಆಸುಪಾಸಿಗೆ ಬಂದು, ವಿಮಾನದ ಬಾಲ ಸಮುದ್ರದ ತಡೆಗೋಡೆಗೆ ಬಡಿಯಿತು. 3 ಜನ ಸತ್ತರು. ಬೆಂಗಳೂರಿನ ಪಾಠ 23 ವರ್ಷದ ಮೇಲೆ, ಬೇರೆ ದೇಶದಲ್ಲಿ, ಬೇರೆ ಕಂಪನಿಯ ವಿಮಾನದಲ್ಲಿ.

ಹಾಗಾಗಿ ನನಗೆ ಅನ್ನಿಸೋದು ಇಷ್ಟು. ಬೆಂಗಳೂರಿನಲ್ಲೂ ಸ್ಯಾನ್ ಫ್ರಾನ್ಸಿಸ್ಕೊದಲ್ಲೂ ಯಂತ್ರ ಕೆಟ್ಟಿರಲಿಲ್ಲ. ಹೇಳಿದ ಕೆಲಸ ಚಾಚೂತಪ್ಪದೆ ಮಾಡುತ್ತಿತ್ತು. ಯಾವ ಕೆಲಸ ಹೇಳಿದ್ದೀವಿ ಅನ್ನೋದು ಮಾತ್ರ ಹೇಳಿದವರಿಗೆ ಆ ಕ್ಷಣದಲ್ಲಿ ಕೈಗೆ ಸಿಗಲಿಲ್ಲ.

ಬಾಯಿಬಿಟ್ಟು ಹೇಳೋದು

ಇದನ್ನೆಲ್ಲ ಓದಿ ವಿಮಾನ ಹತ್ತೋಕೆ ಹೆದರಬೇಡಿ. ಇಂಥ ಅಪಘಾತಗಳಿಂದ ಕಲಿತದ್ದೆಲ್ಲ ಇವತ್ತು ನಿಮ್ಮ ಜೊತೆ ಹಾರುತ್ತಿದೆ. ಇವತ್ತಿನ ಎ320ಗಳಲ್ಲಿ ನೆಲದ ಹತ್ತಿರ ಶಕ್ತಿ ಸಾಲದಾಗುತ್ತಿದ್ದರೆ "ಸ್ಪೀಡ್, ಸ್ಪೀಡ್, ಸ್ಪೀಡ್" ಅಂತ ದನಿಯೇ ಕೂಗುತ್ತೆ. ಇಳಿಯುವಾಗ ಸಾಮಾನ್ಯವಾಗಿ ನೆಲದಿಂದ 1,000 ಅಡಿಗೆ ಬರೋಷ್ಟರಲ್ಲಿ ವೇಗ, ಹಾದಿ, ಥ್ರಸ್ಟ್ ಎಲ್ಲ ಹದಕ್ಕೆ ಬಂದಿರಬೇಕು. ಇಲ್ಲದಿದ್ದರೆ ವಾದ ಬೇಡ, ಮೇಲೇರಿ ಮತ್ತೊಂದು ಸುತ್ತು. ನಿಮ್ಮ ವಿಮಾನ ಇಳಿಯೋ ಹೊತ್ತಿಗೆ ಇದ್ದಕ್ಕಿದ್ದಂತೆ ಗರ್ಜಿಸಿ ಮೇಲೆದ್ದರೆ ಪೈಲಟ್‌ನ ಬೈಬೇಡಿ. ಅವರು ಮಾಡಿದ್ದು ಒಳ್ಳೇ ಕೆಲಸವೇ.

ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ಒಂದು ಖರ್ಚಿಲ್ಲದ ಅಭ್ಯಾಸ. ಪೈಲಟ್‌ನ ಪರದೆಯ ನೆತ್ತಿಯ ಮೇಲೆ ಒಂದು ಸಾಲು ಇರುತ್ತೆ. ಆಟೊಥ್ರಸ್ಟ್ ಈಗ ಯಾವ ಕೆಲಸದಲ್ಲಿದೆ, ಮೂಗು ಯಾವ ಕೆಲಸದಲ್ಲಿದೆ ಅಂತ ಸಣ್ಣ ಅಕ್ಷರದಲ್ಲಿ ತೋರಿಸುತ್ತೆ. ಅದು ಬದಲಾದಾಗ ಪೈಲಟ್ ಅದನ್ನ ಓದಿ ಬಾಯಿಬಿಟ್ಟು ಹೇಳಬೇಕು, ಪಕ್ಕದವರು ತಾವೂ ನೋಡಿ ಹೌದು ಅನ್ನಬೇಕು. ಗುಂಡಿ ಒತ್ತಿದೆ ಅನ್ನೋದು ಲೆಕ್ಕಕ್ಕಿಲ್ಲ. ಪರದೆ ಏನು ಹೇಳ್ತಿದೆ ಅನ್ನೋದೇ ಲೆಕ್ಕ.

ಆಲೆಮನೆಯಲ್ಲೂ ಇದೇ ಅಲ್ಲವಾ? ಮೇಲಿಂದ "ಉರಿ ಇಳಿಸ್ಲಾ" ಅಂತ ಕೂಗಿದರೆ, ಕೆಳಗಿಂದ "ಇಳಿಸ್ದೆ ಕಣಣ್ಣ" ಅಂತ ದನಿ ಬರಬೇಕು. ಬರಲಿಲ್ಲ ಅಂದರೆ ಪಾಕ ನೋಡೋನು ಬಗ್ಗಿ ನೋಡ್ತಾನೆ. ಕೇಳಿಸಿರುತ್ತೆ ಬಿಡು ಅಂತ ಸುಮ್ಮನಿದ್ದರೆ ಪಾಕ ಹೊತ್ತಿಹೋಗುತ್ತೆ.

ಮೊನ್ನೆ ಭಾನುವಾರ ಮತ್ತೆ ಭಾವನ ಜೊತೆ ಬೆಂಗಳೂರಿಗೆ ಹೊರಟಿದ್ದೆ. ಈ ಕಥೆಯನ್ನೆಲ್ಲ ಅವರಿಗೆ ಮೊದಲೇ ಹೇಳಿಯಾಗಿತ್ತು. ಬಿಡದಿ ಹತ್ತಿರ ಯಾರೋ ಅಡ್ಡ ಬಂದರು, ಭಾವ ಬ್ರೇಕ್ ಮುಟ್ಟಿದರು. ಆಮೇಲೆ ಮೀಟರ್ ಕಡೆ ಕಣ್ಣು ಹಾಯಿಸಿ, ಯಾರೋ ಪರೀಕ್ಷೆ ತಗೊಳ್ತಿರೋ ಹಾಗೆ ಗಟ್ಟಿಯಾಗಿ, "ಕ್ರೂಸ್ ಆಫ್. ಈಗ ಕಾಲು ನಂದು" ಅಂದರು. ಹಿಂದೆ ಕೂತಿದ್ದ ಅಕ್ಕ ನಕ್ಕಳು.

"ಹೌದು ಭಾವ, ಆಫ್ ಆಗಿದೆ" ಅಂದೆ, ನಾನೂ ಮೀಟರ್ ನೋಡಿಕೊಂಡೇ.